ಮೊದಲನೆಯದು ಲೆಕ್ಕಕ್ಕಿಲ್ಲ

ಬಸ್ಸಿನಲ್ಲಿ ಟಿಕೆಟ್ ಕೊಡುವ ಕೈಮೆಷಿನ್ನುಗಳನ್ನು ಮಾಡುವ ಆ ಕಂಪನಿಯಲ್ಲಿ ಅವಳಿಗೆ ಎರಡು ಹೆಸರು. ಎದುರಿಗೆ ಅಕ್ಕ, ಬೆನ್ನ ಹಿಂದೆ ಗಡಿಯಾರಕ್ಕ. ಬೆನ್ನ ಹಿಂದಿನದು ಅವಳ ಕಿವಿಗೂ ಬಿದ್ದಿತ್ತು. ಬೇಜಾರೇನೂ ಆಗಿರಲಿಲ್ಲ, ಒಳಗೊಳಗೇ ಹೆಮ್ಮೆಯೇ ಇತ್ತು. ಗುಂಡಿ ಒತ್ತಿದ ಮೇಲೆ ಮೆಷಿನ್ನು ಕಣ್ಣು ಬಿಟ್ಟು, ತನ್ನೊಳಗಿನದನ್ನೆಲ್ಲ ಜೋಡಿಸಿಕೊಂಡು, ಮೊದಲ ಟಿಕೆಟ್ ಕೊಡಲು ಸಿದ್ಧವಾಗುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವುದು ಅವಳ ಕೆಲಸ. ಆಫೀಸಿನ ಮಾತಿನಲ್ಲಿ ಬೂಟ್ ಟೈಮು. ಇದೂ ಒಂದು ಕೆಲಸವೇ ಎಂದು ಯಾರಿಗಾದರೂ ಅನ್ನಿಸೀತು. ಅವಳ ಅತ್ತೆಗಂತೂ ಅನ್ನಿಸಿತ್ತು.

"ಮೆಷಿನ್ ಏಳೋದನ್ನ ಕಾಯ್ತಾ ಕೂರೋಕೆ ಸಂಬಳ ಕೊಡ್ತಾರೇನೇ? ನಿನ್ನ ಗಂಡ ಏಳೋದನ್ನ ನಾನು ಅಷ್ಟು ವರ್ಷ ಕಾದೆ. ನನಗೆ ಯಾರು ಕೊಟ್ರು?"

ಆ ಗಂಡ ಬಸ್ ಕಂಡಕ್ಟರ್. ಹೆಂಡತಿಯ ಕಂಪನಿಯ ಮೆಷಿನ್ನು ಗಂಡನ ಕೊರಳಲ್ಲಿ ನೇತಾಡುತ್ತಿತ್ತು. "ಮನೇಲೂ ಅವಳು ಹೇಳಿದ ಹಾಗೆ, ಬಸ್ಸಲ್ಲೂ ಅವಳು ಹೇಳಿದ ಹಾಗೆ" ಎಂದು ಅವನು ಡಿಪೋದಲ್ಲಿ ಜೊತೆಯವರನ್ನು ನಗಿಸುತ್ತಿದ್ದ. ಮಾತು ಜಾಸ್ತಿ, ಕೈ ಶುದ್ಧ. ಆ ಕಸುಬಿನಲ್ಲಿ ಕೈ ಶುದ್ಧವಾಗಿಟ್ಟುಕೊಂಡವನು ನಿವೃತ್ತಿಯವರೆಗೆ ತಲೆ ಎತ್ತಿಕೊಂಡು ಹೋಗುತ್ತಾನೆ, ಪಿಂಚಣಿ ತೆಗೆದುಕೊಳ್ಳುತ್ತಾನೆ. ಅವನಿಗೆ ನಿವೃತ್ತಿ ಇನ್ನು ಕೆಲವೇ ವರ್ಷ ದೂರವಿತ್ತು.

ಮೊದಮೊದಲು ಅವಳು ಸ್ಟಾಪ್ ವಾಚ್ ಹಿಡಿದು ಅಳೆಯುತ್ತಿದ್ದಳು. ಹೆಬ್ಬೆರಳು ಚೂರು ತಡವಾದರೂ ಲೆಕ್ಕ ತಪ್ಪುತ್ತಿತ್ತು. ಅದಕ್ಕೇ ಕಲಿತು, ಬೈಸಿಕೊಂಡು, ಮತ್ತೆ ಕಲಿತು, ತಾನೇ ಒಂದು ಟೂಲ್ ಬರೆದಳು. ಅದರಲ್ಲಿ ಚಿತ್ರ, ಬಣ್ಣ ಎಂಥದೂ ಇಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಕಮಾಂಡ್ ಟೈಪ್ ಮಾಡಿ ಎಂಟರ್ ಹೊಡೆದರೆ, ತಂತಿಗೆ ಕಟ್ಟಿದ ಮೆಷಿನ್ನನ್ನು ಅದೇ ಆರಿಸಿ ಅದೇ ಹೊತ್ತಿಸುತ್ತದೆ. ಹೊತ್ತಿದ ಕ್ಷಣದಿಂದ 'ಟಿಕೆಟ್ಟಿಗೆ ಸಿದ್ಧ' ಎನ್ನುವ ಸಂದೇಶದವರೆಗೆ ಎಷ್ಟಾಯಿತೆಂದು ಒಂದು ಫೈಲಿನಲ್ಲಿ ಬರೆದುಕೊಳ್ಳುತ್ತದೆ. ಹೇಳಿದಷ್ಟು ಸಲ ಇದೇ ಕೆಲಸ, ಗಾಣದ ಎತ್ತಿನ ಹಾಗೆ. ಇನ್ನೊಂದು ಕಮಾಂಡ್ ಕೊಟ್ಟರೆ ಸರಾಸರಿ ಎಷ್ಟು, ತೀರಾ ನಿಧಾನದ್ದು ಯಾವುದು, ಸಾಫ್ಟ್‌ವೇರಿನ ಹಿಂದಿನ ವರ್ಷನ್ನಿಗಿಂತ ಇದು ವಾಸಿಯೋ ಅಲ್ಲವೋ ಎಂದು ನಕ್ಷತ್ರ ಚಿಹ್ನೆಗಳ ಸಾಲು ಎಳೆದು ತೋರಿಸುತ್ತದೆ. ತಡವಾದಷ್ಟೂ ಸಾಲು ಉದ್ದ. ಪ್ರೋಗ್ರಾಂ ಬರೆಯುವವರು ಎಷ್ಟೇ ಜಂಬ ಕೊಚ್ಚಲಿ, ಅವಳು ಆ ಸಾಲನ್ನು ತೋರಿಸಿದರೆ ಬಾಯಿ ಮುಚ್ಚಿಕೊಂಡು ತಮ್ಮ ಕುರ್ಚಿಗೆ ಹೋಗುತ್ತಿದ್ದರು.

ಆ ಟೂಲಿಗೆ ಅವಳು ಒಂದು ನಿಯಮ ಕಲಿಸಿದ್ದಳು. ಮೊದಲ ಸಲದ ಅಳತೆಯನ್ನು ಬಿಸಾಡಬೇಕು. ಇದರಲ್ಲಿ ಕಳ್ಳಾಟವೇನೂ ಇಲ್ಲ, ಅಳೆಯುವ ಕಸುಬಿನವರು ಮಾಡುತ್ತಾ ಬಂದದ್ದೇ. ಹೊಸ ಸಾಫ್ಟ್‌ವೇರ್ ತುಂಬಿದ ಮೆಷಿನ್ನು ಮೊದಲ ಸಲ ಏಳುವಾಗ, ಹೊಸ ಮನೆಗೆ ಬಂದವರು ಗಂಟುಮೂಟೆ ಬಿಚ್ಚುವ ಹಾಗೆ ಎಲ್ಲವನ್ನೂ ಹರವಿ ಜೋಡಿಸಿಕೊಳ್ಳುತ್ತದೆ. ಅದು ಒಂದು ಸಲದ ರಗಳೆ, ಅದನ್ನು ಸರಾಸರಿಗೆ ಸೇರಿಸಿದರೆ ಮೆಷಿನ್ನಿಗೆ ಅನ್ಯಾಯ. ಹೊಸದಾಗಿ ಕೆಲಸಕ್ಕೆ ಸೇರಿದವರು ಯಾಕೆ ಎಂದು ಕೇಳಿದರೆ, "ಮೊದಲನೇದು ಲೆಕ್ಕಕ್ಕಿಲ್ಲ" ಎಂದು ಕಡ್ಡಿ ಮುರಿದಂತೆ ಹೇಳುತ್ತಿದ್ದಳು. ಮೆಷಿನ್ನಿಗೆ ಅನ್ಯಾಯವಾಗಬಾರದು ಎಂದು ಅಷ್ಟೊಂದು ಕಾಳಜಿ ಮಾಡಿದ ಹೆಂಗಸು ಅವಳು!

ಒಂದು ವರ್ಷ ಬಸ್ಸಿನ ಸಂಸ್ಥೆಯವರು ತಗಾದೆ ತೆಗೆದರು. ಮೆಷಿನ್ನು ಏಳುವುದು ನಿಧಾನ, ಸರಿಮಾಡದಿದ್ದರೆ ಬೇರೆ ಕಂಪನಿಯದು ಕೊಳ್ಳುತ್ತೇವೆ ಎಂದರು. ಮ್ಯಾನೇಜರಿಗೆ ತಲೆ ಬಿಸಿ. ಪ್ರೋಗ್ರಾಂ ಬರೆಯುವವರು ತಲೆ ಓಡಿಸಿದರು. ಮೆಷಿನ್ನು ಒಮ್ಮೆ ಎದ್ದ ಮೇಲೆ, ಜೋಡಿಸಿಟ್ಟ ಎಲ್ಲದರ ಒಂದು ಪಡಿಯಚ್ಚನ್ನು ಬ್ಯಾಟರಿಯ ಬಲದಿಂದ ತನ್ನೊಳಗೇ ಉಳಿಸಿಕೊಳ್ಳಲಿ, ಮುಂದಿನ ಸಲ ಮೊದಲಿನಿಂದ ಜೋಡಿಸುವ ಬದಲು ಅದನ್ನೇ ಎತ್ತಿಕೊಳ್ಳಲಿ. ಉಪಾಯ ಚೆನ್ನಾಗಿತ್ತು. ಬ್ಯಾಟರಿ ಕಳಚಿದರೆ ಮಾತ್ರ ಪಡಿಯಚ್ಚು ಅಳಿಸಿಹೋಗಿ, ಮತ್ತೆ ಮೊದಲಿನಿಂದ, ಹಳೆಯದಕ್ಕಿಂತಲೂ ನಿಧಾನವಾಗಿ ಎಲ್ಲ ಶುರುವಾಗಬೇಕು. ಆಫೀಸಿನಲ್ಲಿ ಬ್ಯಾಟರಿ ಯಾರು ಕಳಚುತ್ತಾರೆ? ಅವಳು ಕಮಾಂಡ್ ಕೊಟ್ಟಳು. ಟೂಲು ಎಂದಿನಂತೆ ಮೊದಲನೆಯದನ್ನು ಬಿಸಾಡಿ ಉಳಿದದ್ದನ್ನು ಅಳೆಯಿತು. ನಕ್ಷತ್ರದ ಸಾಲು ಗೇಣುದ್ದಕ್ಕೆ ಇಳಿದಿತ್ತು. ಒಂಬತ್ತು ಸೆಕೆಂಡು. ಮ್ಯಾನೇಜರು ಸಿಹಿ ತರಿಸಿ ಹಂಚಿದರು. ಅವಳು ವರದಿಯ ಕೆಳಗೆ, ಪರೀಕ್ಷೆ ನಡೆಸಿದವರು ಎಂಬಲ್ಲಿ ಸಹಿ ಹಾಕಿದಳು. ವರದಿ ಬಸ್ಸಿನ ಸಂಸ್ಥೆಗೆ ಹೋಯಿತು.

ಹೊಸ ವರ್ಷನ್ನಿನ ಮೆಷಿನ್ನು ಕೊರಳಿಗೆ ಬಿದ್ದ ದಿನವೇ ಗಂಡ ಮನೆಗೆ ಬಂದು ಗೊಣಗಿದ.

"ಏನೇ ಮಾಡಿಟ್ಟಿದೀರ ಅದಕ್ಕೆ? ಏಳೋದೇ ಇಲ್ವಲ್ಲ ಕಣೇ. ಬಸ್ ತುಂಬಿದೆ, ಇದು ಇನ್ನೂ ಆಕಳಿಸ್ತಾ ಇದೆ."

"ಒಂಬತ್ತೇ ಸೆಕೆಂಡು ರೀ. ನಾನೇ ಅಳೆದಿದೀನಿ."

"ನಿನ್ನ ಸೆಕೆಂಡು ಎಷ್ಟುದ್ದ ಇದೆ?"

"ನೀವು ಗುಂಡೀನ ಸುಮ್ಮಸುಮ್ಮನೆ ಎರಡೆರಡು ಸಲ ಒತ್ತುತ್ತೀರ. ಅದು ಅರ್ಧಕ್ಕೆ ನಿಂತು ಮತ್ತೆ ಶುರುವಾಗುತ್ತೆ. ನಿಮಗೆ ಮೆಷಿನ್ ಹಿಡಿಯೋಕೇ ಬರಲ್ಲ."

ಅತ್ತೆ ಕೂಡ ಸೊಸೆಯ ಪಕ್ಷ ಸೇರಿದರು. "ಅವನಿಗೆ ಟಿವಿ ರಿಮೋಟೇ ಬಗ್ಗಲ್ಲ, ಪಾಪ" ಎಂದರು. ಇಬ್ಬರೂ ನಕ್ಕರು, ಅವನೂ ನಕ್ಕ. ಮಾರನೆಯ ದಿನ ಮತ್ತೆ ಅದೇ ದೂರು ತಂದ, ಅದರ ಮಾರನೆಯ ದಿನವೂ ತಂದ. "ಬ್ಯಾಟರಿ ಹಾಕಿದಾಗಲೆಲ್ಲ ಹೀಗೇ" ಎಂದೂ ಒಂದು ಸಲ ಅಂದ. ಅಷ್ಟು ಹೊತ್ತಿಗೆ ಅವಳು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳುವುದನ್ನೇ ಬಿಟ್ಟಿದ್ದಳು. ದಿನವಿಡೀ ಬೂಟ್ ಟೈಮು ಅಳೆದು ಬಂದವಳಿಗೆ ಊಟದ ತಟ್ಟೆಯ ಮುಂದೆಯೂ ಅದೇ ಪುರಾಣ ಕೇಳಲು ಯಾವ ಉಮೇದು? ಜೊತೆಗೆ, ಹೇಳಬಾರದು, ಆದರೂ ಹೇಳುತ್ತೇನೆ: ತನ್ನ ಟೂಲು ತಪ್ಪು ಹೇಳೀತು ಎಂದು ಅವಳಿಗೆ ಕನಸಿನಲ್ಲೂ ಅನ್ನಿಸಿರಲಿಲ್ಲ. ಗಂಡ ತಪ್ಪು ಹೇಳುತ್ತಾನೆ ಎಂದು ಮಾತ್ರ ಸಲೀಸಾಗಿ ಅನ್ನಿಸಿತು.

ಅವನು ಬೇರೆ ಯಾರಿಗೂ ದೂರು ಕೊಡಲಿಲ್ಲ. ಡಿಪೋದಲ್ಲಿ ಲಿಖಿತ ದೂರು ಕೊಡಬಹುದಿತ್ತು. ಕೊಟ್ಟವರಿಗೆ ಅಲ್ಲಿ "ನಿನಗೊಬ್ಬನಿಗೇ ಯಾಕೆ ತೊಂದರೆ" ಎನ್ನುವ ಮರ್ಯಾದೆ ಸಿಗುತ್ತಿತ್ತು. ಮೆಷಿನ್ ಮಾಡುವವಳೇ ಮನೆಯಲ್ಲಿರುವಾಗ ಕಂಡವರ ಕೈಯಲ್ಲಿ ಯಾಕೆ ಅನ್ನಿಸಿಕೊಳ್ಳಬೇಕು ಎಂದು ಅವನು ಸುಮ್ಮನಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ, ದಾರಿಯ ನಡುವಿನ ನಿಲ್ದಾಣದಲ್ಲಿ ಅವನು ತೀರಿದ ಬ್ಯಾಟರಿ ಕಳಚಿ ಹೊಸದು ಹಾಕಿದ. ಬಸ್ಸು ಹೊರಟಿತು. ಮೆಷಿನ್ನು ಎದ್ದಿರಲಿಲ್ಲ. ಮುಂದಿನ ನಿಲ್ದಾಣದಲ್ಲೇ ಇಳಿಯುವ ಮೂರ್ನಾಲ್ಕು ಜನ ಹಣ ಚಾಚಿದರು. ಇಳಿದು ಹೋದರೆ ಸಂಸ್ಥೆಗೆ ನಷ್ಟ ಎಂದು ಅವನು ಹಣ ತೆಗೆದುಕೊಂಡ, ಮೆಷಿನ್ನು ಎದ್ದ ಕೂಡಲೇ ಹರಿದು ಕೊಡುತ್ತೇನೆ ಎಂದ. ಟಿಕೆಟ್ ಕೊಡದೆ ಹಣ ಮುಟ್ಟಬಾರದು ಎಂಬುದು ಕಂಡಕ್ಟರನಿಗೆ ಮೊದಲ ದಿನ ಕಲಿಸುವ ಪಾಠ. ಅದು ಗೊತ್ತಿದ್ದೂ ಮುಟ್ಟಿದ. ಮುಂದಿನ ನಿಲ್ದಾಣದಲ್ಲಿ ತಪಾಸಣೆಯವರು ಹತ್ತಿದರು. ಇಳಿಯುವವರ ಕೈಯಲ್ಲಿ ಟಿಕೆಟ್ ಇಲ್ಲ, ಕಂಡಕ್ಟರನ ಕೈಯಲ್ಲಿ ಹಣ ಇದೆ. ಹಾಳಾದ ಮೆಷಿನ್ನು ಅದೇ ಹೊತ್ತಿಗೆ ಎದ್ದು ಕೂತಿತ್ತು. ಪರದೆ ಜಗಜಗ ಹೊಳೆಯುತ್ತಿತ್ತು.

"ಈಗಿನ್ನೂ ಎದ್ದಿದ್ದು ಸಾರ್, ದೇವರಾಣೆ" ಎಂದ ಅವನು.

"ಎಲ್ಲರೂ ಹೀಗೇ ಹೇಳೋದು" ಎಂದರು ಅವರು.

ಪ್ರಯಾಣಿಕರ ಹಣ ನುಂಗಲು ನೋಡಿದ ಎಂದು ಅವನನ್ನು ಅಮಾನತು ಮಾಡಿದರು. ಆರೋಪ ಸಾಬೀತಾದರೆ ಕೆಲಸವೂ ಇಲ್ಲ, ಪಿಂಚಣಿಯೂ ಇಲ್ಲ. ಅವನಿಗೆ ಅದಕ್ಕಿಂತ ಹೆಚ್ಚು ಚುಚ್ಚಿದ್ದು ಕಳ್ಳ ಎಂಬ ಮಾತು. ಜೊತೆಯ ಕಂಡಕ್ಟರುಗಳು ಕ್ಯಾಂಟೀನಿನಲ್ಲಿ ಕೂತು ಮೆಷಿನ್ನಿಗೆ ಬಾಯಿಗೆ ಬಂದಂತೆ ಬೈದರು. ಬಂದು ಸಾಕ್ಷಿ ಹೇಳಿ ಎಂದರೆ ಒಬ್ಬೊಬ್ಬರಿಗೂ ಒಂದೊಂದು ಕೆಲಸ ನೆನಪಾಯಿತು.

ವಿಚಾರಣೆಯ ಮೊದಲ ದಿನ ಮುಗಿಸಿ ಮನೆಗೆ ಬಂದವನು ಚಪ್ಪಲಿ ಬಿಡುತ್ತಲೇ ಹೇಳಿದ.

"ನಿನ್ನ ಸಹಿ ಚೆನ್ನಾಗಿ ಬಂದಿದೆ ಕಣೇ."

"ಯಾವ ಸಹಿ?"

"ಮೆಷಿನ್ ಒಂಬತ್ತು ಸೆಕೆಂಡಿಗೆ ಏಳುತ್ತೆ ಅಂತ ಒಂದು ವರದಿ ತೋರ್ಸಿದ್ರು. ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕಲ್ಲ, ಹಾಗಾಗಿ ನಾನು ಹೇಳ್ತಿರೋದು ಸುಳ್ಳಂತೆ. ಕೆಳಗೆ ನಿನ್ನ ಸಹಿ ಇತ್ತು. ಇವಳು ನನ್ನ ಹೆಂಡತಿ ಅಂತ ನಾನು ಹೇಳ್ಲಿಲ್ಲ."

 ಅವಳು ಇಷ್ಟು ದಿನ ಕೇಳದೆ ಇದ್ದದ್ದನ್ನು ಅಂದು ಕೇಳಿದಳು. ಬೆಳಿಗ್ಗೆ ಮೆಷಿನ್ನನ್ನು ಎಲ್ಲಿಂದ ತೆಗೆದುಕೊಳ್ಳುತ್ತೀರಿ, ಯಾರು ಕೊಡುತ್ತಾರೆ, ಸಂಜೆ ಕೊಟ್ಟ ಮೇಲೆ ಅದನ್ನು ಏನು ಮಾಡುತ್ತಾರೆ? ಅವನು ಹೇಳಿದ. ಡಿಪೋದ ಕೌಂಟರಿನವನು ಎಲ್ಲ ಮೆಷಿನ್ನುಗಳ ಬ್ಯಾಟರಿ ಕಳಚಿ ಒಂದು ಹಲಗೆಯ ಮೇಲೆ ಸಾಲಾಗಿ ಚಾರ್ಜಿಗೆ ಇಡುತ್ತಾನೆ, ಮೆಷಿನ್ನುಗಳನ್ನು ಬೇರೆಯಾಗಿ ಪೆಟ್ಟಿಗೆಗೆ ಹಾಕುತ್ತಾನೆ. ಬೆಳಿಗ್ಗೆ ಕೈಗೆ ಸಿಕ್ಕಿದ ಬ್ಯಾಟರಿ ಸಿಕ್ಕಿಸಿಕೊಡುತ್ತಾನೆ. ಮಧ್ಯಾಹ್ನ ಅದು ತೀರಿದರೆ ಇನ್ನೊಂದು.

ಅವಳಿಗೆ ಆಗ ಹೊಳೆಯಿತು. ಕಂಡಕ್ಟರನ ಬದುಕಿನಲ್ಲಿ ಪ್ರತಿ ಸಲವೂ ಮೊದಲ ಸಲವೇ. ಎರಡನೆಯದು, ಮೂರನೆಯದು ಇರುವುದು ಅವಳ ಮೇಜಿನ ಮೇಲೆ ಮಾತ್ರ. ಅವನು ಇಡೀ ದಿನ ಅನುಭವಿಸುತ್ತಿದ್ದ ಒಂದೇ ಒಂದು ಅಳತೆಯನ್ನು ಅವಳ ಟೂಲು ದಿನಾ ಕಸದ ಬುಟ್ಟಿಗೆ ಹಾಕುತ್ತಿತ್ತು. ಹಾಕು ಎಂದು ಕಲಿಸಿದವಳು ಅವಳೇ.

ಮಾರನೆಯ ಬೆಳಿಗ್ಗೆ ಆಫೀಸಿಗೆ ಎಲ್ಲರಿಗಿಂತ ಮುಂಚೆ ಹೋದಳು. ಟೂಲಿನಲ್ಲಿ ಆ ನಿಯಮವನ್ನು ಅಳಿಸಿದಳು. ತಾನೇ ಕೈಯಾರೆ ಬ್ಯಾಟರಿ ಕಳಚಿ, ಹಾಕಿ, ಕಮಾಂಡ್ ಕೊಟ್ಟು ಕೂತಳು. ಚಹಾ ತಣ್ಣಗಾಯಿತು. ಎರಡು ನಿಮಿಷದ ಹತ್ತಿರ ಹತ್ತಿರ ಹಿಡಿಯಿತು. ಮತ್ತೆ ಕಳಚಿ ಹಾಕಿದಳು, ಮತ್ತೆ ಅಷ್ಟೇ. ಇನ್ನೊಂದು ಮೆಷಿನ್ನು ತಂದು ನೋಡಿದಳು, ಅದೂ ಅಷ್ಟೇ. ಸಾಲು ಎಳೆಯಲು ಹೇಳಿದಾಗ ನಕ್ಷತ್ರಗಳು ಪರದೆಯ ಅಂಚು ದಾಟಿ, ಕೆಳಗಿನ ಸಾಲಿಗೆ ಇಳಿದು, ಅಲ್ಲಿಂದಲೂ ಇಳಿದವು. ಅಷ್ಟುದ್ದದ ಸಾಲನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಅವಳಿಗೆ ಅಳು ಬಂತು, ಬಾತ್‌ರೂಮಿಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದು ಅದನ್ನು ಪ್ರಿಂಟ್ ಹಾಕಿದಳು.

ಮ್ಯಾನೇಜರು ಹಾಳೆ ನೋಡಿದರು, ಬಾಗಿಲು ಮುಚ್ಚಿದರು.

"ನೋಡಮ್ಮ, ಇದನ್ನ ಮುಂದಿನ ವರ್ಷನ್ನಲ್ಲಿ ಸರಿಮಾಡ್ಸೋಣ. ಅದು ನನ್ನ ಜವಾಬ್ದಾರಿ."

"ಸರಿ ಸಾರ್. ಆದ್ರೆ ನಮ್ಮ ಮನೆಯವರ ವಿಚಾರಣೆ ಈಗ ನಡೀತಿದೆ. ವರದಿ ತಪ್ಪಾಗಿತ್ತು ಅಂತ ಕಂಪನಿಯಿಂದ ಒಂದು ಪತ್ರ ಕೊಟ್ರೆ ಸಾಕು."

"ಪತ್ರ ಕೊಟ್ರೆ ನಾಳೆನೇ ಎಲ್ಲ ಮೆಷಿನ್ನೂ ವಾಪಸ್ ಬರುತ್ತೆ. ಇಲ್ಲಿರೋರೆಲ್ಲ ಮನೆಗೆ ಹೋಗ್ಬೇಕು. ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕ್ಕೊಳ್ಳೋದಾ? ನಿಮ್ಮನೇಲಿ ಒಂದು ಸಂಬಳ ಹೋಗೋ ಹಾಗಿದೆ, ಇನ್ನೊಂದನ್ನಾದ್ರೂ ಉಳಿಸ್ಕೋಮ್ಮ."

ಆ ಮನುಷ್ಯ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅವಳಿಗೆ ಜಗಳವಾಡಲು ಅನುಕೂಲವಾಗುತ್ತಿತ್ತು. ಅವಳು ಹಾಳೆ ಮಡಿಚಿ ಚೀಲಕ್ಕೆ ಹಾಕಿಕೊಂಡಳು. ಕೆಲಸ ಹೋದರೆ ಹೋಗಲಿ ಎಂದು ತಾನೇ ಸಾಕ್ಷಿಯಾಗಿ ಹೋಗುವುದೆಂದು ತೀರ್ಮಾನಿಸಿದಳು.

ವಿಚಾರಣೆಯ ಕೋಣೆಯಲ್ಲಿ ಒಂದು ಉದ್ದನೆಯ ಮೇಜು, ಅದರ ತುದಿಯಲ್ಲಿ ಗಂಡ, ಮೂಲೆಯಲ್ಲಿ ಟೈಪಿಸ್ಟು, ಕಿಟಕಿಯಾಚೆ ತೊಳೆಯಲು ನಿಂತ ಬಸ್ಸುಗಳು. ವಿಚಾರಣಾಧಿಕಾರಿ ನಿವೃತ್ತಿಯ ಅಂಚಿನಲ್ಲಿದ್ದ, ಗದರದ ಮನುಷ್ಯ. ಹಳೆಯ ವರದಿಯನ್ನೂ ಅವಳ ಹೊಸ ಹಾಳೆಯನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದರು.

"ಎರಡಕ್ಕೂ ನಿಮ್ಮದೇ ಸಹಿ."

"ಹೌದು ಸಾರ್. ಮೊದಲನೇ ಅಳತೆ ಬಿಟ್ಟು ಲೆಕ್ಕ ಹಾಕಿದ್ದೆ. ಅದು ನನ್ನ ತಪ್ಪು. ಇದರಲ್ಲಿ ಬಿಟ್ಟಿಲ್ಲ."

"ಇವರು ನಿಮಗೇನಾಗ್ಬೇಕು?"

"ನಮ್ಮ ಯಜಮಾನ್ರು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕಂಪನಿಗೆ ಬೇಕಾದಾಗ ಒಂಬತ್ತು ಸೆಕೆಂಡು, ಗಂಡನಿಗೆ ಬೇಕಾದಾಗ ಎರಡು ನಿಮಿಷ. ಇದನ್ನ ನಾನು ಹೇಗಮ್ಮ ತಗೊಳ್ಳಲಿ? ಕಂಪನಿಯ ಮೊಹರಾದ್ರೂ ಇದೆಯಾ?"

ಇರಲಿಲ್ಲ. ಅವರು ಆ ಹಾಳೆಯನ್ನು ಅವಳ ಕಡೆಗೇ ಸರಿಸಿದರು. ಆದರೂ ಧರ್ಮದ ಮನುಷ್ಯ, ಕಂಡಕ್ಟರನನ್ನು ಉಳಿಸಲು ಏನಾದರೂ ಸಿಕ್ಕೀತೇ ಎಂದು ಹುಡುಕಿದರು. ಅವನ ಕಡೆ ತಿರುಗಿ ಕೇಳಿದರು.

"ಮೆಷಿನ್ ಹೀಗಿದೆ ಅಂತ ಇದಕ್ಕೆ ಮುಂಚೆ ಯಾರಿಗಾದ್ರೂ ದೂರು ಕೊಟ್ಟಿದ್ರೇನ್ರೀ?"

"ಬರೆದು ಕೊಟ್ಟಿಲ್ಲ ಸಾರ್. ನಮ್ಮನೆಯವಳಿಗೆ ಹೇಳಿದ್ದೆ. ಮೆಷಿನ್ ಮಾಡೋಳೇ ಅವಳಲ್ವಾ."

ಟೈಪಿಸ್ಟು ಮುಸಿಮುಸಿ ನಕ್ಕ. ಅಧಿಕಾರಿ ನಗಲಿಲ್ಲ. "ಹೇಳಿದ್ರಾಮ್ಮ?" ಎಂದು ಅವಳನ್ನು ಕೇಳಿದರು.

"ಹೇಳಿದ್ರು ಸಾರ್. ಹೊಸ ವರ್ಷನ್ ಬಂದಾಗಿಂದ ದಿನಾ ಹೇಳ್ತಿದ್ರು."

"ಹಾಗಾದ್ರೆ ಇದೊಂದು ಲೆಕ್ಕಕ್ಕೆ ಬರುತ್ತೆ. ನೀವೇನು ಮಾಡಿದ್ರಿ? ಮೆಷಿನ್ ತರಿಸಿ ನೋಡಿದ್ರಾ? ಆಫೀಸಲ್ಲಿ ಹೇಳಿದ್ರಾ? ಇವರಿಗೆ ಏನಂತ ಹೇಳಿದ್ರಿ?"

ಇಲ್ಲಿ ಒಂದೇ ಒಂದು ಸುಳ್ಳು ಸಾಕಾಗಿತ್ತು. ಆಫೀಸಿನಲ್ಲಿ ಹೇಳಿದ್ದೆ ಸಾರ್, ಯಾರೂ ಕೇಳಲಿಲ್ಲ ಎಂದಿದ್ದರೆ ಅವನು ಬಚಾವಾಗುತ್ತಿದ್ದನೇನೋ. ಗಂಡ ಅವಳ ಮುಖವನ್ನೇ ನೋಡುತ್ತಿದ್ದ. ಅಳತೆಯಲ್ಲಿ ಚೂರು ಹೆಚ್ಚುಕಮ್ಮಿ ಬರೆದು ಗೊತ್ತಿಲ್ಲದ ಹೆಂಗಸಿನ ನಾಲಿಗೆ ಆ ಸುಳ್ಳಿನ ಕಡೆಗೆ ಹೊರಳಲೇ ಇಲ್ಲ. ಅಥವಾ ಇಷ್ಟು ದಿನ ಹೊಟ್ಟೆಯೊಳಗೆ ಕೊಳೆಯುತ್ತಿದ್ದದ್ದನ್ನು ಯಾರ ಮುಂದಾದರೂ ಕಕ್ಕಿಬಿಡಬೇಕೆನ್ನಿಸಿತೋ ಏನೋ.

"ನಿಮಗೆ ಮೆಷಿನ್ ಹಿಡಿಯೋಕೆ ಬರಲ್ಲ ಅಂದೆ ಸಾರ್."

 ಅಧಿಕಾರಿ ಅವಳನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಅಯ್ಯೋ ಎನ್ನುವ ಹಾಗಿತ್ತು. ಆಮೇಲೆ ಟೈಪಿಸ್ಟನ ಕಡೆ ತಿರುಗಿ, ತಮ್ಮ ಕೆಲಸ ತಾವು ಮಾಡಿದರು. ದೋಷವು ಮೆಷಿನ್ನಿನದಲ್ಲ, ಆಪಾದಿತರು ಅದನ್ನು ಬಳಸುವ ರೀತಿಯದು ಎಂದು ಆ ಕಾಲದಲ್ಲಿ ತಾನೇ ಅಭಿಪ್ರಾಯಪಟ್ಟಿದ್ದಾಗಿ ಸಾಕ್ಷಿಯು ಒಪ್ಪಿಕೊಂಡಿರುತ್ತಾರೆ ಎಂದು ಬರೆಸಿದರು. ಅವಳು ಅದರ ಕೆಳಗೆ ಸಹಿ ಹಾಕಬೇಕಾಯಿತು, ಹಾಕಿದಳು.

ಆದೇಶ ಬಂತು. ಅವನನ್ನು ಸೇವೆಯಿಂದ ವಜಾ ಮಾಡಿದ್ದರು. ಅವಳ ಹೇಳಿಕೆಯ ಆ ಎರಡು ಸಾಲು ಆದೇಶದಲ್ಲಿ ಇದ್ದ ಹಾಗೇ ಇತ್ತು. ಅತ್ತೆ ಅದನ್ನು ಓದಿಸಿ ಕೇಳಿ, ಸೊಸೆಗೆ ಏನೂ ಅನ್ನದೆ, ತಮ್ಮ ಕೋಣೆಗೆ ಹೋಗಿ ಮಲಗಿದರು. ರಿಮೋಟಿನ ಮಾತು ಅವರಿಗೂ ನೆನಪಿದ್ದಿರಬೇಕು. ಮೇಲ್ಮನವಿ ಹಾಕೋಣ ರೀ ಎಂದು ಅವಳು ಎಷ್ಟೋ ಸಲ ಹೇಳಿದಳು. "ಬೇಡ ಬಿಡೇ" ಎಂದು ಅವನು ಪೇಪರು ತಿರುವಿದ.

ಅವಳ ಕೆಲಸ ಹೋಗಲಿಲ್ಲ. ಹೊಸ ಹಾಳೆಯನ್ನು ಕಡತಕ್ಕೇ ಸೇರಿಸದ ಮೇಲೆ ಕಂಪನಿಗೆ ಆದ ನಷ್ಟವೇನು? ಮುಂದಿನ ವರ್ಷನ್ನು ಬಂತು. ಬ್ಯಾಟರಿ ಕಳಚಿ ಹಾಕಿದರೂ ಮೆಷಿನ್ನು ಚಕ್ಕನೆ ಏಳುತ್ತಿತ್ತು. ಮೀಟಿಂಗಿನಲ್ಲಿ ಮ್ಯಾನೇಜರು, "ಅಕ್ಕನ ಟೂಲ್ ಇಲ್ದಿದ್ರೆ ಈ ತೊಂದರೆ ಯಾರಿಗೂ ಗೊತ್ತೇ ಆಗ್ತಿರಲಿಲ್ಲ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಎದ್ದು ನಿಂತು ಕೈ ಮುಗಿದಳು. ಆ ಕೈಗಳನ್ನು ಕತ್ತರಿಸಿ ಎಸೆಯಬೇಕೆನ್ನಿಸಿತು ಅವಳಿಗೆ.

ಗಂಡ ಮನೆಯಲ್ಲಿ ಕೂರಲಿಲ್ಲ. ಒಂದು ಗೋದಾಮಿನಲ್ಲಿ ಬಾಗಿಲು ಕಾಯುವ ಕೆಲಸ ಹಿಡಿದ. ಹೋಗುತ್ತಾನೆ, ಬರುತ್ತಾನೆ, ಊಟ ಮಾಡುತ್ತಾನೆ. ಕೇಳಿದರೆ ಉತ್ತರ ಕೊಡುತ್ತಾನೆ, ತಾನಾಗಿ ಏನೂ ಹೇಳುವುದಿಲ್ಲ. ಉಪ್ಪು ಜಾಸ್ತಿಯಾಯಿತು ಎನ್ನುವುದಿಲ್ಲ. ನಲ್ಲಿ ಸೋರುತ್ತಿದ್ದರೆ ಬಕೆಟ್ ಇಟ್ಟು ಹೋಗುತ್ತಾನೆ. ಒಂದು ಕಾಲಕ್ಕೆ ಸಾಕು ಮಾರಾಯ ಎನ್ನಿಸುವಷ್ಟು ಗೊಣಗುತ್ತಿದ್ದ ಬಾಯಿ ಅದು. ಬೈಯಲಿ, ಕೂಗಾಡಲಿ, ನಿನ್ನಿಂದಲೇ ಹಾಳಾದೆ ಎನ್ನಲಿ ಎಂದು ಅವಳು ಕಾದಳು. ಅವನು ಬೈಯಲೂ ಇಲ್ಲ.

ಒಂದು ಭಾನುವಾರ ಬೆಳಿಗ್ಗೆ ನೋಡಿದರೆ ಅವನ ಎಡಗೆನ್ನೆ ಊದಿಕೊಂಡು, ಕಣ್ಣು ಅರ್ಧ ಮುಚ್ಚಿಹೋಗಿತ್ತು. ಚಹಾದ ಲೋಟವನ್ನು ತುಟಿಯ ಇನ್ನೊಂದು ಮೂಲೆಗೆ ಹಿಡಿದು ಸ್ವಲ್ಪಸ್ವಲ್ಪವೇ ಕುಡಿಯುತ್ತಿದ್ದ. ಅವಳು ಗಾಬರಿಯಾಗಿ ಹಣೆ ಮುಟ್ಟಿದಳು. ಸುಡುತ್ತಿತ್ತು.

"ಏನ್ರೀ ಇದು? ಎಷ್ಟು ದಿನದಿಂದ?"

"ಹಲ್ಲು. ಆಯ್ತು ಒಂದಷ್ಟು ದಿನ."

"ಇಷ್ಟಾಗೋವರೆಗೆ ಇಟ್ಕೊಂಡಿದ್ದೀರಲ್ಲ! ನನಗೊಂದು ಮಾತು ಹೇಳಬಾರದಿತ್ತಾ?"

ಅವನು ಲೋಟ ಕೆಳಗಿಟ್ಟ. ಕೊಂಕಿಲ್ಲದೆ, ಸಿಟ್ಟಿಲ್ಲದೆ, ಮರೆತುಹೋದದ್ದಕ್ಕೆ ಕ್ಷಮೆ ಕೇಳುವವನ ಹಾಗೆ ಹೇಳಿದ.

"ನಿನಗೆ ಹೇಳೋ ಅಭ್ಯಾಸ ತಪ್ಪಿಹೋಗಿದೆ ಕಣೇ."

ಅವಳು ಸೀರೆ ಬದಲಿಸಿ, ಅತ್ತೆಗೆ ಹೇಳಿ, ಅವನನ್ನು ಕರೆದುಕೊಂಡು ಹಲ್ಲಿನ ಡಾಕ್ಟರ ಹತ್ತಿರ ಹೊರಟಳು. ಅವನು ದಾರಿಯುದ್ದಕ್ಕೂ ಕೆನ್ನೆ ಹಿಡಿದುಕೊಂಡೇ ನಡೆದ, ನೋಯುತ್ತಿದೆ ಎಂದು ಒಂದು ಸಲವೂ ಅನ್ನಲಿಲ್ಲ.